ವಿನಾಯಿತಿ ಕೊಟ್ಟ ಅರ್ಜಿ

ಹದಿನೆಂಟು ಅರ್ಜಿಗಳಲ್ಲಿ ಹದಿನೇಳನ್ನು ನಾನು ಸರಿಯಾಗಿಯೇ ಪರಿಶೀಲಿಸಿದ್ದೆ. ಉಳಿದ ಒಂದರ ಬಗ್ಗೆ ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.

ನಾನು ರಾಣೆಬೆನ್ನೂರಿನ ಕೋರ್ಟಿನಲ್ಲಿ ವಕೀಲಳು. ಹೊಲ-ಮನೆ ಪಾಲಿನ ದಾವೆಗಳೇ ಹೆಚ್ಚು. ಚರ್ಚಿಗೂ ನನಗೂ ಇದ್ದ ಸಂಬಂಧವೆಂದರೆ ಡಿಸೆಂಬರಿನಲ್ಲಿ ಪಕ್ಕದ ಮನೆಯಿಂದ ಬರುತ್ತಿದ್ದ ಕರ್ಚಿಕಾಯಿಯ ಡಬ್ಬಿ, ಅಷ್ಟೇ. ಆ ವರ್ಷ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಚರ್ಚಿನ ಸಭಾಪಾಲಕರು, ಅಂದರೆ ಪಾದ್ರಿಗಳು, ನನ್ನ ಕಚೇರಿಗೆ ಬಂದು ಒಂದು ಸುತ್ತೋಲೆಯನ್ನು ಮೇಜಿನ ಮೇಲಿಟ್ಟರು. ಮಕ್ಕಳ ಜೊತೆ, ಹಾಗೂ ತಮ್ಮನ್ನು ತಾವೇ ಪೂರ್ತಿ ಕಾಪಾಡಿಕೊಳ್ಳಲಾಗದ ದೊಡ್ಡವರ ಜೊತೆ ಕೆಲಸ ಮಾಡುವ ಪ್ರತಿಯೊಬ್ಬ ಸ್ವಯಂಸೇವಕರನ್ನೂ ಪರಿಶೀಲಿಸಲು ಮೂರು ಜನರ ಸುರಕ್ಷತಾ ಸಮಿತಿ ಆಗಬೇಕು. ಅದರಲ್ಲಿ ಒಬ್ಬರು ಚರ್ಚಿನ ಸಭೆಗೆ ಸೇರದ ಹೊರಗಿನವರಿರಬೇಕು ಎಂದು ಅವರ ಮೇಲಿನ ಕಚೇರಿ ಬರೆದಿತ್ತು.

"ನಮ್ಮವರ ನಮ್ಮವರನ್ನ ತಪಾಸ ಮಾಡಿದ್ರ ತಪಾಸ ಆಗೂದಿಲ್ರಿ. ನೀವು ಬರಬೇಕು" ಎಂದರು.

ಒಪ್ಪಿಕೊಂಡೆ. ಮೂರನೆಯವರು ಸಭೆಯ ಕಾರ್ಯದರ್ಶಿ. ನಲವತ್ತು ದಾಟಿದ್ದ ಅವರು ಬ್ಯಾಡಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದರು.

ನಾವು ನೋಡಬೇಕಾದ ಕೆಲಸ ಎರಡು. ರಾಣೆಬೆನ್ನೂರಿನಲ್ಲಿ ಮಕ್ಕಳ ಭಾನುವಾರದ ಶಾಲೆ ಮತ್ತು ಏಪ್ರಿಲ್ ಕೊನೆಗೆ ನಡೆಯುವ ಹತ್ತು ದಿನದ ಬೇಸಿಗೆ ಶಾಲೆ. ಇನ್ನೊಂದು, ಬ್ಯಾಡಗಿಯಲ್ಲಿ ಹಿಂದೆ ಚರ್ಚಿನ ಶಾಲೆ ನಡೆಯುತ್ತಿದ್ದ ಹಳೆಯ ಹಾಲ್‌ನಲ್ಲಿ ಪ್ರತಿ ಶನಿವಾರ ನಡೆಯುವ ಕೂಟ. ಸುತ್ತಲಿನ ಊರುಗಳಿಂದ ಹದಿಮೂರು ಜನ ಅಂಗವಿಕಲರು ಅಲ್ಲಿಗೆ ಬರುತ್ತಿದ್ದರು. ಎಲ್ಲರೂ ವಯಸ್ಸಿಗೆ ಬಂದವರು, ಎಲ್ಲ ಜಾತಿಯವರು. ಕಾಗದದ ಚೀಲ ಮಾಡುವುದು, ಹಾಡು, ಮಧ್ಯಾಹ್ನದ ಊಟ. ಸಭೆಯ ವ್ಯಾನು ಅವರನ್ನು ಮನೆಯಿಂದ ಕರೆತಂದು ಸಂಜೆ ಬಿಟ್ಟುಬರುತ್ತಿತ್ತು.

ನಿಯಮಗಳು ಸರಳವಾಗಿದ್ದವು. ಫೋಟೊ ಸಮೇತ ಅರ್ಜಿ. ಸಂಬಂಧಿಕರಲ್ಲದ ಇಬ್ಬರ ಶಿಫಾರಸು. ಪೊಲೀಸರಿಂದ ನಡತೆ ಪ್ರಮಾಣಪತ್ರ. ಅರ್ಧ ದಿನದ ತರಬೇತಿ. ಯಾರೂ ಒಬ್ಬರೇ ಇನ್ನೊಬ್ಬರ ಜೊತೆ ಮುಚ್ಚಿದ ಬಾಗಿಲ ಹಿಂದೆ ಇರಕೂಡದು. ವ್ಯಾನಿನಲ್ಲಿ ಇಬ್ಬರು ದೊಡ್ಡವರು, ಅವರಲ್ಲೊಬ್ಬರು ಹೆಂಗಸು. ಸತತ ಮೂರು ವಾರ ಯಾರಾದರೂ ಬರದಿದ್ದರೆ ಮನೆಗೆ ಹೋಗಿ ಕಾರಣ ತಿಳಿಯಬೇಕು. ಸಂಶಯ ಬಂದರೆ ನಾವೇ ವಿಚಾರಣೆ ಮಾಡಕೂಡದು. ಕಂಡದ್ದನ್ನು, ಕೇಳಿದ್ದನ್ನು ಹಾಗೆಯೇ ಬರೆದು ಅಂದೇ ಮುಂದೆ ಕಳಿಸಬೇಕು. ಮಗುವಿನ ವಿಷಯವಾದರೆ ನೇರ ಪೊಲೀಸರಿಗೆ.

ಮಾರ್ಚ್ ತಿಂಗಳಿಡೀ ಅರ್ಜಿಗಳ ಹಿಂದೆ ಹೋಯಿತು. ಶಿಫಾರಸು ಮಾಡಿದವರಿಗೆಲ್ಲ ನಾನೇ ಫೋನು ಮಾಡಿದೆ. ಒಬ್ಬರು "ನಾವೇನ ಕಳ್ಳರೇನ್ರಿ" ಎಂದು ಅರ್ಜಿ ವಾಪಸ್ಸು ತೆಗೆದುಕೊಂಡರು. ಉಳಿದವರು ಗೊಣಗುತ್ತ ಠಾಣೆಗೆ ಹೋಗಿ ಬಂದರು.

ಶನಿವಾರದ ಕೂಟವನ್ನು ನಡೆಸುತ್ತಿದ್ದವರು, ಬೇಸಿಗೆ ಶಾಲೆಯ ಮುಖ್ಯಸ್ಥರೂ ಆಗಿದ್ದವರು ಒಬ್ಬ ನಿವೃತ್ತ ಶಿಕ್ಷಕಿ. ಅರವತ್ತೈದರ ಹತ್ತಿರ. ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಸಭೆಯ ಅರ್ಧ ಜನ ಅವರ ಕೈಯಲ್ಲಿ ಕಲಿತವರು. ಅವರು ಖಾಲಿ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿಕೊಂಡು ಬಂದು ನನ್ನ ಮುಂದಿಟ್ಟರು.

"ವಕೀಲರ, ನನ್ನ ನಡತಿ ಹೆಂಗೈತಿ ಅಂತ ಈಗ ಪೊಲೀಸರು ಹೇಳಬೇಕೇನ್ರಿ? ಆ ಠಾಣ್ಯಾಗ ಇರೋ ಇಬ್ಬರಿಗೆ ಅಕ್ಷರ ತಿದ್ದಿಸಿದಾಕಿ ನಾನು."

ಕಾರ್ಯದರ್ಶಿ ತಕ್ಷಣ ಹೇಳಿದರು: "ಅಕ್ಕೋರಿಗೆ ಇದೆಲ್ಲ ಬ್ಯಾಡ್ರಿ ಮೇಡಮ್ಮರ. ಅವರನ್ನ ಕೇಳೂದಂದ್ರ ನಮ್ಮ ಮಾರಿಗೆ ನಾವ ಮಸಿ ಬಳಕೊಂಡಂಗ."

ಸುತ್ತೋಲೆಯಲ್ಲಿ ಯಾರಿಗೂ ವಿನಾಯಿತಿ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಆ ನೇರ ಬೆನ್ನು, ಮಣಿದಾರದಲ್ಲಿ ತೂಗುವ ಕನ್ನಡಕ, ಆ ದನಿ ನೋಡಿದಾಗ ನಾಲ್ಕನೇ ಇಯತ್ತೆಯಲ್ಲಿ ನನಗೆ ಪಾಠ ಹೇಳಿದವರೇ ಎದುರು ಕುಳಿತ ಹಾಗಾಗಿತ್ತು. ಅರ್ಜಿಯ ಮೇಲೆ "ದೀರ್ಘ ಸೇವೆಯ ಕಾರಣ ವಿನಾಯಿತಿ" ಎಂದು ಬರೆದು ಸಹಿ ಮಾಡಿದೆ. ತರಬೇತಿಗೂ ಅವರು ಬರಲಿಲ್ಲ. ನಾನು ಕೇಳಲಿಲ್ಲ.

ವ್ಯಾನು ಓಡಿಸುವವನ ಅರ್ಜಿ ಅದರ ಮರುದಿನ ಬಂತು. ಮೋಟೆಬೆನ್ನೂರಿನವನು, ಮೂವತ್ತೈದರ ಆಸುಪಾಸು. ಹಿಂದೆ ಯಾವುದಾದರೂ ಪ್ರಕರಣವಿತ್ತೇ ಎಂಬಲ್ಲಿ ಸೊಟ್ಟ ಅಕ್ಷರದಲ್ಲಿ ತಾನೇ ಬರೆದಿದ್ದ: "ಹನ್ನೊಂದು ವರ್ಷದ ಹಿಂದೆ ಕುಮಾರಪಟ್ಟಣದಲ್ಲಿ ಹೊಡೆದಾಟ. ಕೇಸ್ ಆಗಿತ್ತು. ಬಿಡುಗಡೆ ಆಗಿದೆ." ಪೊಲೀಸರ ವರದಿಯೂ ಅದನ್ನೇ ಹೇಳಿತು. ನಾನು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಅವನನ್ನು ಕರೆಸಿ ಅರ್ಧ ತಾಸು ಪ್ರಶ್ನೆ ಕೇಳಿದೆ. ಅವನು ನಿಂತುಕೊಂಡೇ ಉತ್ತರ ಕೊಟ್ಟ. ಕುಳಿತುಕೋ ಎಂದು ನಾನು ಹೇಳಿರಲಿಲ್ಲವೆಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಒಬ್ಬನೇ ಎಂದೂ ವ್ಯಾನು ಓಡಿಸಕೂಡದು ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟೆ. ಕಷ್ಟದ ಅರ್ಜಿ ಮುಗಿಯಿತು ಎಂದು ಸಮಾಧಾನವಾಯಿತು.

ಬೇಸಿಗೆ ಶಾಲೆಗೆ ಒಂಬತ್ತು ದಿನ ಉಳಿದಿತ್ತು. ಆ ಶನಿವಾರ ಬೆಳಿಗ್ಗೆ ಬ್ಯಾಡಗಿಗೆ ಹೋಗಿ ಹಾಜರಿ ಪುಸ್ತಕ ತೆಗೆದೆ. ಒಂದು ಹೆಸರಿನ ಮುಂದೆ ಮೂರು ವಾರದಿಂದ ಗೈರುಹಾಜರಿ. ಮೋಟೆಬೆನ್ನೂರಿನ ಹೆಣ್ಣುಮಗಳು. ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ಇಪ್ಪತ್ತಾರು ವರ್ಷವಾಗಿದ್ದರೂ ಎಲ್ಲರೂ "ಆ ಹುಡುಗಿ" ಅನ್ನುತ್ತಿದ್ದರು. ನಿಯಮದಂತೆ ಇನ್ನೊಬ್ಬ ಸ್ವಯಂಸೇವಕಿಯನ್ನು ಕರೆದುಕೊಂಡು ಅವಳ ಮನೆಗೆ ಹೋದೆ.

ಪಡಸಾಲೆಯಲ್ಲಿ ತಾಯಿ-ಮಗಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನನ್ನನ್ನು ಕಂಡದ್ದೇ ಮಗಳು ಎದ್ದು ಒಳಗಿನ ಕತ್ತಲಿಗೆ ಹೋದಳು.

"ಗಾಡಿ ಸಪ್ಪಳ ಅಕಿಗೆ ಕೇಳಸೂದಿಲ್ರಿ. ಆದ್ರ ಬಾಗಲಾಗ ಬಂದು ನಿಂತಿದ್ದ ಕಂಡ್ಳಂದ್ರ ದನದ ಕೊಟ್ಟಿಗಿಗೆ ಓಡಿಹೋಗತಾಳ" ಎಂದರು ತಾಯಿ. "ಎಳದ್ರ ಕಚ್ಚಾಕ ಬರತಾಳ. ಹಿಂದ ಹಂಗಿದ್ದಿಲ್ರಿ. ಶನಿವಾರ ಬಂದ್ರ ತಾನ ಮೊದ್ಲು ತಲಿ ಬಾಚಿಕೊಂಡು ಕುಂದರತಿದ್ಳು."

ಸ್ವಲ್ಪ ಹೊತ್ತಿಗೆ ಅವಳು ಬಾಗಿಲ ಹತ್ತಿರ ಬಂದಳು. ಎರಡೂ ಕೈಯ ಬೆರಳ ಗೆಣ್ಣುಗಳ ಮೇಲೆ ಒಣಗಿದ ಗಾಯಗಳಿದ್ದವು. ಬಲಗೈ ಮುಷ್ಟಿ ಕಟ್ಟಿ ಮುಂದೆ ಚಾಚಿ ಮಣಿಕಟ್ಟನ್ನು ತಿರುವಿದಳು. ಆಮೇಲೆ ಅಂಗೈಯಿಂದ ಬಾಯಿ ಮುಚ್ಚಿದಳು. ಮತ್ತೆ ಅದನ್ನೇ ಮಾಡಿದಳು.

"ನೋಡ್ರಿ. ಇದು ಗಾಡಿ ಚಾಲೂ ಮಾಡೂದು. ಇದು ಬಾಯಿ ಮುಚ್ಚೂದು. ಇನ್ನೇನ ಹೇಳಬೇಕ್ರಿ ಅಕಿ?"

ನನಗೂ ಹಾಗೆಯೇ ಕಂಡಿತು. ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಆ ಕೆಂಪು ಗೆರೆ. ಅಷ್ಟರಲ್ಲಿ ಹಿತ್ತಲಿಂದ ಅವಳ ಸೋದರಮಾವ ಬಂದ. "ಹೆಸರು ಹೇಳ್ರಿ ಸಾಕು. ಅವನ ಕೈಕಾಲ ಮುರದು ಆಮ್ಯಾಲೆ ಮಾತಾಡೂಣು" ಎಂದ. ಹೆಸರು ಅವನಿಗೆ ಗೊತ್ತೇ ಇತ್ತು.

"ಎರಡ ದಿವಸ ಕೊಡ್ರಿ" ಎಂದೆ. "ನೀವ ಅವನ ಮೈ ಮುಟ್ಟಿದ್ರ ಕೇಸ್ ನಿಮ್ಮ ಮ್ಯಾಲ ಆಗತೈತಿ. ಆಮ್ಯಾಲೆ ಇಕಿ ಮಾತು ಯಾರೂ ಕೇಳೂದಿಲ್ಲ." ತಾಯಿಗೆ ಬೇರೆಯಾಗಿ ಹೇಳಿದೆ: "ಅವ್ವಾ, ಈಗಿಂದೀಗ ದವಾಖಾನಿಗೆ, ಪೊಲೀಸರ ಕಡೆ ಹೋಗಬೇಕಂದ್ರ ನಾ ನಿಮ್ಮ ಜೋಡಿ ಬರತೇನಿ."

ಅವರು ಮಗಳನ್ನು ಒಳಗೆ ಕರೆದುಕೊಂಡು ಹೋಗಿ ನೋಡಿ ಬಂದರು. "ಮೈಮ್ಯಾಲ ಬ್ಯಾರೆ ಏನೂ ಇಲ್ರಿ. ಕೈಗೆ ಚೀಲದ ದಬ್ಬಣ ತಾಗಿರಬೇಕು. ಅಕಿ ಏನ ಅನ್ನಾಕತ್ತಾಳ ಅನ್ನೂದ ತಿಳೀವಲ್ದು. ತಿಳೀಲಾರದ ಹೆಂಗ ಹೋಗೂದ್ರಿ?"

ಇನ್ನು ಮಗಳನ್ನು ಏನೂ ಕೇಳಬೇಡಿ ಎಂದು ಹೇಳಿ, ಕಂಡದ್ದನ್ನೆಲ್ಲ ವೇಳೆ ಹಾಕಿ ಬರೆದುಕೊಂಡು ಹೊರಟೆ. ಮಗುವಾಗಿದ್ದರೆ ಒಂದು ಗಳಿಗೆ ಕಾಯುವಂತಿರಲಿಲ್ಲ, ಕಾನೂನೇ ಬಿಡುವುದಿಲ್ಲ. ಆದರೆ ಅವಳು ಇಪ್ಪತ್ತಾರರ ಹೆಂಗಸು. ಅವಳ ಪರವಾಗಿ ನಾನು ಅಥವಾ ಸೋದರಮಾವ ತೀರ್ಮಾನಿಸುವುದು ಸರಿಯಲ್ಲ. ಕಾದರೆ? ಅವನು ಖರೇನೇ ತಪ್ಪು ಮಾಡಿದ್ದರೆ? ಬಸ್ಸಿನಿಂದಲೇ ಸಭಾಪಾಲಕರಿಗೆ ಫೋನು ಮಾಡಿ, ಅಂದೇ ಸಮಿತಿ ಸೇರಬೇಕೆಂದೆ.

ನಾಲ್ಕು ಗಂಟೆಗೆ ಬ್ಯಾಡಗಿಯ ಹಾಲ್‌ನಲ್ಲಿ ಸಮಿತಿ ಸೇರಿತು. ಕಾರ್ಯದರ್ಶಿ ಠರಾವು ಬರೆದುಕೊಂಡೇ ಬಂದಿದ್ದರು.

"ಗಾಡಿಯವನ್ನ ತಗದುಬಿಡೂಣು. ಇಲ್ಲಿಗೆ ಮುಗೀತು. ಮುಂದಿನ ಸೋಮವಾರ ಮಕ್ಕಳ ಶಾಲಿ ಐತಿ. ಎಪ್ಪತ್ತು ಮಕ್ಕಳ ಹೆಸರು ಬಂದಾವು. ಊರಾಗ ಸುದ್ದಿ ಆದ್ರ ಯಾರು ಕಳಸ್ತಾರ್ರಿ?"

"ಯಾವ ಕಾರಣಕ್ಕ ಅಂತ ಬರೆಯೂದು?" ಎಂದು ಕೇಳಿದೆ.

"ಕಾರಣ ಯಾಕ ಬೇಕು? ಅವನ ಕೇಸು ಇತ್ತಲ್ಲ."

ಸಭಾಪಾಲಕರು ನನ್ನ ಮುಖ ನೋಡಿದರು. ಇಬ್ಬರ ಸಹಿ ಬಿದ್ದಿತ್ತು, ನನ್ನದೊಂದು ಬಾಕಿ. ನಿಜ ಹೇಳಬೇಕೆಂದರೆ ಸಹಿ ಮಾಡಲು ಪೆನ್ನಿನ ಟೋಪಿ ತೆಗೆದಿದ್ದೆ. ಆಗ ಎರಡು ವಿಚಾರ ಒಟ್ಟಿಗೆ ಬಂದವು. ಅವನು ತಪ್ಪು ಮಾಡಿದ್ದರೆ, ಈ ಕಾಗದ ಅವನನ್ನು ಇನ್ನೊಂದು ವ್ಯಾನಿಗೆ, ಇನ್ನೊಂದು ಮನೆಯ ಹೆಣ್ಣುಮಗಳ ಹತ್ತಿರ ಕಳಿಸುತ್ತದೆ. ಮಾಡಿರದಿದ್ದರೆ, ಯಾರೋ ಮಾಡಿದ್ದಾರೆ, ಅವರು ಇಲ್ಲೇ ಉಳಿಯುತ್ತಾರೆ. ಅವಳು ಏನು ಹೇಳುತ್ತಿದ್ದಾಳೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಠರಾವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಕೆಳಗೆ ಬೇರೆ ಬರೆದೆ: ಅವಳ ಮಾತು ತಿಳಿಯುವವರೆಗೆ ಶನಿವಾರದ ಕೂಟ, ವ್ಯಾನು ಎರಡೂ ನಿಲ್ಲುತ್ತವೆ, ಕೂಟದ ಐವರು ಸ್ವಯಂಸೇವಕರೂ ಎಲ್ಲ ಸೇವೆಯಿಂದ ಪಕ್ಕಕ್ಕೆ ಸರಿಯಬೇಕು, ಇದು ಯಾರ ಮೇಲಿನ ತೀರ್ಪೂ ಅಲ್ಲ.

ಅಕ್ಕೋರು ಹಾಲ್‌ನ ಆಚೆ ತುದಿಯಲ್ಲಿ ಹಾಡಿನ ಪುಸ್ತಕಗಳನ್ನು ಜೋಡಿಸುತ್ತಿದ್ದರು. ಸಭಾಪಾಲಕರು ನಾನು ಬರೆದದ್ದಕ್ಕೆ ಸಹಿ ಹಾಕಿ, ಹೋಗಿ ಅವರಿಗೆ ತಿಳಿಸಿದರು.

"ನನ್ನನ್ನೂ?"

"ಎಲ್ಲಾರನ್ನೂ, ಅಕ್ಕೋರ."

ಅವರು ಪುಸ್ತಕಗಳನ್ನು ಅಲ್ಲೇ ಬಿಟ್ಟು, ನನ್ನ ಕಡೆ ಒಮ್ಮೆ ನೋಡಿ, ಮೆಟ್ಟಿಲಿಳಿದು ಹೋದರು. ಕಾರ್ಯದರ್ಶಿ "ಇದು ಬಾಳ ತಪ್ಪಾತ್ರಿ" ಎಂದರು.

ಹೊರಗೆ ಗಾಡಿಯವನು ವ್ಯಾನಿನ ಪಕ್ಕ ನಿಂತಿದ್ದ. ಕೀಲಿಕೈ ನನ್ನ ಕೈಗೆ ಕೊಟ್ಟು, "ಮೇಡಮ್ಮರ, ನಂದೊಂದು ಮಾತು..." ಎಂದ.

"ಈಗ ಏನೂ ಹೇಳಬ್ಯಾಡ. ಹೇಳೂದಿದ್ರ ಬರದು ಲಕೋಟ್ಯಾಗ ಹಾಕಿ ಕೊಡು."

"ಅಷ್ಟ ಬರ್ಯಾಕ ಬರೂದಿಲ್ರಿ ನನಗ" ಎಂದು ಅವನು ಹೊರಟುಹೋದ.

ಹಾವೇರಿಯ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಸನ್ನೆ ಭಾಷೆ ಕಲಿಸುವ ಶಿಕ್ಷಕಿಯೊಬ್ಬರ ಫೋನು ನಂಬರು ಅಂದೇ ಸಂಜೆ ಸಿಕ್ಕಿತು. ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟು: "ಸೋಮವಾರ ಮುಂಜಾನೆ ಕರಕೊಂಡು ಬರ್ರಿ. ಅಲ್ಲೀತನಕ ಯಾರೂ ಅಕಿನ್ನ ಕೇಳಬಾರದು. ಕೇಳಿದಾಗೊಮ್ಮೆ ನಿಮ್ಮ ಉತ್ತರ ಅಕಿ ಕೈಯಾಗ ಸೇರತೈತಿ."

ಭಾನುವಾರ ಗಾಡಿಯವನ ಮನೆಯ ಮುಂದೆ ಅವಳ ಸೋದರಮಾವನೂ ಸೇರಿ ನಾಲ್ಕು ಜನ ಹೋಗಿ ನಿಂತರು. ಸುದ್ದಿ ತಿಳಿದು ಸಭಾಪಾಲಕರು ಆರಾಧನೆ ಮುಗಿಸಿ ನೇರ ಮೋಟೆಬೆನ್ನೂರಿಗೆ ಹೋದರು. ಅವನ ಮನೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕುಳಿತರು. ಯಾರೊಡನೆಯೂ ವಾದ ಮಾಡಲಿಲ್ಲವಂತೆ, ಸುಮ್ಮನೆ ಕುಳಿತಿದ್ದರಂತೆ. ನಾಲ್ವರೂ ಬೇಸತ್ತು ಹೋದರು.

ಸೋಮವಾರ ತಾಯಿ, ಮಗಳು, ನಾನು ಬಸ್ಸಿನಲ್ಲಿ ಹಾವೇರಿಗೆ ಹೋದೆವು. ರಜೆಯ ದಿನಗಳಾದ್ದರಿಂದ ಶಾಲೆ ಖಾಲಿಯಿತ್ತು. ಶಿಕ್ಷಕಿಯ ಜೊತೆ ಇನ್ನೊಬ್ಬರಿದ್ದರು. ಹಾವೇರಿಯಲ್ಲೇ ಬಟ್ಟೆ ಹೊಲಿಯುವ ಹೆಂಗಸು, ಹುಟ್ಟಿನಿಂದಲೇ ಕಿವುಡು. ಶಾಲೆಗೆ ಹೋಗದೆ ಮನೆಯಲ್ಲೇ ಉಳಿದವರು ಕಟ್ಟಿಕೊಂಡ ಸನ್ನೆಗಳು ಶಾಲೆಯ ಸನ್ನೆಗಳಿಗಿಂತ ಬೇರೆ. ಅವು ತನಗೆ ಪೂರ್ತಿ ತಿಳಿಯುವುದಿಲ್ಲ, ಈಕೆಗೆ ತಿಳಿಯುತ್ತವೆ ಎಂದು ಶಿಕ್ಷಕಿ ವಿವರಿಸಿದರು. ಅವಳ ಸನ್ನೆಯನ್ನು ಹೊಲಿಗೆಯಾಕೆ ಓದುವುದು, ಹೊಲಿಗೆಯಾಕೆಯ ಸನ್ನೆಯನ್ನು ಶಿಕ್ಷಕಿ ನಮಗೆ ಮಾತಾಗಿ ಹೇಳುವುದು ಎಂದಾಯಿತು. ತಾಯಿಯನ್ನು ಮಗಳ ಕಣ್ಣಿಗೆ ಬೀಳದಂತೆ ಹಿಂದೆ ಕೂರಿಸಿದರು. ನನಗೆ ಮೂಲೆಯ ಕುರ್ಚಿ. ಪ್ರಶ್ನೆ ಕೇಳುವಂತಿಲ್ಲ.

ಮೊದಲ ಮುಕ್ಕಾಲು ತಾಸು ಅವರಿಬ್ಬರೂ ಎಮ್ಮೆ, ಮೆಣಸಿನಕಾಯಿ ಘಾಟು, ಸೀರೆಯ ಅಂಚು ಇವುಗಳ ಬಗ್ಗೆಯೇ ಕೈಯಾಡಿಸಿದರು. ಅವಳು ಒಂದು ಸಲ ನಕ್ಕಳು. ಆಮೇಲೆ ಹೊಲಿಗೆಯಾಕೆ ಒಂದೇ ಪ್ರಶ್ನೆ ಕೇಳಿದರು: ಶನಿವಾರ ಏನು?

ಅವಳ ಭುಜ ಬಿಗಿಯಿತು. ಮುಷ್ಟಿ ಮುಂದೆ ಬಂತು, ಮಣಿಕಟ್ಟು ತಿರುಗಿತು.

ಹೊಲಿಗೆಯಾಕೆ ಅದನ್ನು ನಮಗೆ ಹೇಳಲಿಲ್ಲ. ಹುಬ್ಬೇರಿಸಿ, ಎಲ್ಲಿ ಎಂದು ಕೇಳಿದರು. ಅವಳು ಎದ್ದಳು. ಹೊಲಿಗೆಯಾಕೆಯ ರಟ್ಟೆ ಹಿಡಿದು ಕೋಣೆಯ ಮೂಲೆಗೆ ನಿಲ್ಲಿಸಿದಳು. ಬಾಗಿಲ ಹತ್ತಿರ ಬಂದು ಅದನ್ನು ಎಳೆದು ಮುಚ್ಚಿ, ಕೀಲಿ ಇರುವ ಎತ್ತರಕ್ಕೆ ಸರಿಯಾಗಿ ಮುಷ್ಟಿ ಇಟ್ಟು ತಿರುವಿದಳು.

ಅದು ವ್ಯಾನು ಚಾಲೂ ಮಾಡುವುದಲ್ಲ, ಬಾಗಿಲಿಗೆ ಕೀಲಿ ಹಾಕುವುದು ಎಂದು ನನಗೆ ಆಗ ತಿಳಿಯಿತು.

ಆಮೇಲೆ ಅವಳು ಬಾಗಿಲ ಈಚೆ ನಿಂತು ತಾನೇ ಒಳಗಿರುವ ಹಾಗೆ ಬಡಿದು ತೋರಿಸಿದಳು. ಗಾಯದ ಗೆಣ್ಣುಗಳೇ ಬಾಗಿಲಿಗೆ ತಾಗುತ್ತಿದ್ದವು. ಬಡಿದು ಬಡಿದು ನೆಲಕ್ಕೆ ಕುಸಿದು ಮೊಣಕಾಲಪ್ಪಿ ಕುಳಿತಳು. ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅದರ ಅಂಚಿನಲ್ಲಿ ಬೆರಳಿಟ್ಟು ಒಂದು ಮೊಳ ದೂರ ನಿಧಾನ ಸರಿಸಿದಳು. ಅಷ್ಟು ಹೊತ್ತು.

ಯಾರು ಎಂದು ಕೇಳಿದರು ಹೊಲಿಗೆಯಾಕೆ. ಅವಳು ಎರಡು ಕಣ್ಣ ಸುತ್ತ ಉಂಗುರ ಬರೆದಳು. ಕಿವಿಯ ಹಿಂದಿನಿಂದ ಎದೆಯವರೆಗೆ ತೂಗುವ ದಾರವನ್ನು ಎಳೆದು ತೋರಿಸಿದಳು. ತುಟಿಯ ಮೇಲೆ ಬೆರಳು. ಆಮೇಲೆ, ಅವಳು ಬಾಯಿ ತೆರೆದಳು, ದನಿ ಬಂತು. ನಾನು ಮೊದಲ ಸಲ ಕೇಳಿದ್ದು. ಉದ್ದಕ್ಕೆ, ತಗ್ಗಿನಲ್ಲಿ, ಒಂದೇ ಸಮ. ಒಂದು ಕೈ ಪೆಟ್ಟಿಗೆಯ ಮೇಲಿಟ್ಟ ಹಾಗೆ ತೋರಿಸುತ್ತಿದ್ದಳು.

"ಹಾರ್ಮೋನಿಯಂ ಮ್ಯಾಲ ಕೈ ಇಟ್ರ ಅದು ಅದುರೂದು ಅಕಿಗೆ ತಿಳೀತೈತಿ" ಎಂದರು ಶಿಕ್ಷಕಿ. "ಎಲ್ಲಾರೂ ಹಾಡಾಗ ಇಕೀನೂ ದನಿ ತಗೀತಾಳ. ಅವರು ಬಾಯಿ ಮುಚ್ಚಿ, ಖೋಲ್ಯಾಗ ಹಾಕಿ ಕೀಲಿ ಹಾಕ್ಯಾರ. ಮೂರ ಸಲ."

ವ್ಯಾನಿನ ಬಗ್ಗೆ ಕೇಳಿದಾಗ ಅವಳು ಮೀಸೆ ತಿರುವಿ ತೋರಿಸಿದಳು. ಮುಷ್ಟಿಯನ್ನು ಹಿಮ್ಮುಖವಾಗಿ ತಿರುವಿದಳು. ಅವನು ಬಾಗಿಲು ತೆರೆದ, ನೀರು ಕೊಟ್ಟ, ಕನ್ನಡಕದವರ ಹತ್ತಿರ ಹೋಗಿ ಏನೋ ಅಂದ, ಅವರು ಬೆರಳು ತೋರಿಸಿದರು, ಅವನು ಭುಜ ಇಳಿಸಿ ನಿಂತ. ವ್ಯಾನು ಕಂಡರೆ ಅವಳು ಓಡುತ್ತಿದ್ದದ್ದು, ಅದು ಆ ಖೋಲಿಗೆ ಕರೆದೊಯ್ಯುತ್ತದೆ ಎಂಬ ಕಾರಣಕ್ಕೆ.

ಹಿಂದೆ ಕುಳಿತಿದ್ದ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಮುಂದೆ ಏನು ಬೇಕೆಂದು ಅವಳನ್ನೇ ಕೇಳಿಸಿದೆ. ಪೊಲೀಸರಿಗೆ ಹೇಳಬಹುದು, ಹೇಳದೆಯೂ ಇರಬಹುದು. "ಠಾಣಿ ಗೀಣಿ ಬ್ಯಾಡ್ರಿ, ಮುಂದ ಇಕಿ ಲಗ್ನ ಆಗಬೇಕು..." ಎಂದು ತಾಯಿ ಎದ್ದರು. ಶಿಕ್ಷಕಿ ಅವರ ಕೈ ಹಿಡಿದು ಕೂರಿಸಿದರು. ಅವಳು ಒಂದೇ ಪ್ರಶ್ನೆ ಕೇಳಿದಳು: ಅಲ್ಲಿ ಕೈಮಾತು ತಿಳಿಯುವವರು ಇರುತ್ತಾರಾ? ಈ ಇಬ್ಬರನ್ನೂ ಕರೆದುಕೊಂಡು ಬರುತ್ತೇನೆ ಎಂದೆ. ಅವಳು ಬೆರಳು ಎಣಿಸಿ ತೋರಿಸಿದಳು. ವಿಚಾರ ಮಾಡಲು ಐದು ದಿನ ಬೇಕು.

ಆದರೆ ನಾವು ಐದು ದಿನ ಕಾಯುವಂತಿರಲಿಲ್ಲ. ಅಕ್ಕೋರ ಕೈಗೆ ಮುಂದಿನ ಸೋಮವಾರ ಎಪ್ಪತ್ತು ಮಕ್ಕಳು ಬರುವವರಿದ್ದರು. ಮಂಗಳವಾರ ಮಧ್ಯಾಹ್ನ ಅದೇ ಹಾಲ್‌ನಲ್ಲಿ ಅವರನ್ನು ಕರೆಸಿ, ಹಾವೇರಿಯಲ್ಲಿ ಅವಳು ಹೇಳಿದ್ದನ್ನು ಬರೆದುಕೊಂಡಿದ್ದೆನಲ್ಲ, ಅದನ್ನು ಓದಿದೆ. ಅವರು ಒಂದು ಮಾತನ್ನೂ ಅಲ್ಲಗಳೆಯಲಿಲ್ಲ.

"ಅಕಿ ಒದರಿದ್ರ ಉಳದವರು ಅಂಜತಿದ್ರು. ಹಾಡು ಕೆಡತಿತ್ತು. ಸ್ವಲ್ಪ ಹೊತ್ತು ಒಳಗ ಕುಂದರಿಸಿನಿ. ಹೊಡದಿಲ್ಲ, ಬಡದಿಲ್ಲ. ನಮ್ಮ ಕಾಲದಾಗ ಮಕ್ಕಳನ್ನೂ ಹಂಗ ಕುಂದರಸತಿದ್ವಿ. ಯಾರಿಗೇನ ಆತು? ಎಲ್ಲಾರೂ ಛಲೋ ಮನಶ್ಯಾರ ಆದ್ರು. ಇವರನ್ನ ಕೇಳ್ರಿ."

ಅವರು ಕಾರ್ಯದರ್ಶಿಯ ಕಡೆ ಕೈ ಮಾಡಿದರು. ಇಷ್ಟು ದಿನ ಪ್ರತಿ ಮಾತಿಗೂ ಅಕ್ಕೋರ ಪರ ನಿಂತ ಮನುಷ್ಯ ತಲೆ ತಗ್ಗಿಸಿ ಕುಳಿತಿದ್ದರು.

"ಹಿಂದಿನ ಆ ಖೋಲ್ಯಾಗ ಮ್ಯಾಲ ಒಂದು ಸಣ್ಣ ಕಿಡಕಿ ಐತ್ರಿ" ಎಂದರು. "ಬಿಸಿಲು ಅದರಾಗಿಂದ ಬರತೈತಿ. ಬಾಗಲ ಕಡೆಯಿಂದ ಗ್ವಾಡಿಗೆ ಹೋಗೂತನಕ ನಾ ನೋಡಕೊಂತ ಕುಂದರತಿದ್ದೆ. ಆರನೇ ಇಯತ್ತೆ ಇದ್ದೆ ಆಗ."

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಆ ಹೊತ್ತು ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ಬಂತು. ಆ ಅರ್ಧ ದಿನದ ತರಬೇತಿಯಲ್ಲಿ ಮೊದಲು ಹೇಳಿದ್ದ ಪಾಠವೇ ಮುಚ್ಚಿದ ಬಾಗಿಲಿನದು.

ಮೂವರೂ ಸಹಿ ಮಾಡಿ ಅವರನ್ನು ಎಲ್ಲ ಸೇವೆಯಿಂದ ತೆಗೆದೆವು. ಅವರು ಮಕ್ಕಳಿಗೂ ಕಲಿಸುತ್ತಿದ್ದುದರಿಂದ, ಮಕ್ಕಳನ್ನೂ ಕೂಡಿಹಾಕುತ್ತಿದ್ದ ಮಾತು ಅವರ ಬಾಯಿಂದಲೇ ಬಂದದ್ದರಿಂದ, ಅಂದೇ ಹಾವೇರಿಯ ಮಕ್ಕಳ ರಕ್ಷಣಾ ಘಟಕಕ್ಕೂ ಪೊಲೀಸರಿಗೂ ಲಿಖಿತವಾಗಿ ತಿಳಿಸಿದೆ. ಸಭೆಯ ಮೇಲಿನ ಕಚೇರಿಗೆ ಕಳಿಸಿದ ವರದಿಯ 'ಲೋಪಗಳು' ಎಂಬ ಭಾಗದಲ್ಲಿ ಮೊದಲ ಸಾಲು ನನ್ನದೇ: ನಿಯಮದಲ್ಲಿಲ್ಲದ ವಿನಾಯಿತಿಯನ್ನು ನಾನು ಕೊಟ್ಟೆ. ಬೇಸಿಗೆ ಶಾಲೆಯನ್ನು ಮುಂದೂಡಿದೆವು. ಮರುದಿನದಿಂದ ಫೋನುಗಳು ಶುರುವಾದವು. ಹೊರಗಿನಾಕಿ ಬಂದು ನಮ್ಮ ಅಕ್ಕೋರ ಮಾನ ಕಳೆದಳು ಎಂದು ಒಬ್ಬರು ನನ್ನ ಕಚೇರಿಗೇ ಬಂದು ಹೇಳಿ ಹೋದರು.

ಗುರುವಾರ ಗಾಡಿಯವನ ಮನೆಗೆ ಹೋದೆ. ಅವನು ಕುರ್ಚಿ ತಂದಿಟ್ಟು "ಕುಂದರ್ರಿ" ಎಂದ. ತಾನು ನಿಂತೇ ಇದ್ದ. ನೀವೂ ಕುಳಿತುಕೊಳ್ಳಿ ಎಂದೆ. ಕಟ್ಟೆಯ ಮೇಲೆ ಕುಳಿತ.

"ಖೋಲಿ ಬಾಗಲಾ ತಗದಾವ್ರು ನೀವು. ಅವತ್ತ ಯಾಕ ನಮಗ ಹೇಳಲಿಲ್ಲ?"

"ಅಕ್ಕೋರಿಗೆ ಹೇಳಿನ್ರಿ. 'ನಿನ್ನ ಫಾರ್ಮಿನ ಮ್ಯಾಲ ಕೆಂಪು ಗೆರಿ ಐತಿ, ನಿನ್ನ ಕೆಲಸ ನೀ ನೋಡ್ಕೋ' ಅಂದ್ರು. ಆಮ್ಯಾಲೆ ನಿಮಗ ಹೇಳಾಕ ಬಂದಿದ್ನಿ."

ತಪ್ಪಾಯಿತು ಎಂದೆ. ಅವತ್ತು ನಿಮ್ಮ ಮಾತು ನಡುವೆ ತಡೆದದ್ದು ಒಂದು ನಿಯಮದ ಸಲುವಾಗಿ, ವಿಚಾರಣೆ ನಾವು ಮಾಡುವ ಹಾಗಿರಲಿಲ್ಲ ಎಂದು ವಿವರಿಸಲು ಹೊರಟೆ. ಅವನು ಕೇಳಿಸಿಕೊಂಡ.

"ನಿಯಮ ಖರೇ ಇರಬೇಕ್ರಿ" ಎಂದ. "ಅಕ್ಕೋರಿಗೆ ಯಾಕ ಇದ್ದಿದ್ದಿಲ್ಲ?"

ಅವನ ಹೆಂಡತಿ ಚಹಾ ತಂದುಕೊಟ್ಟಳು. ವ್ಯಾನಿನ ಕೀಲಿಕೈ ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ಅವನು ತೆಗೆದುಕೊಳ್ಳಲಿಲ್ಲ. ಕುಮಾರಪಟ್ಟಣದ ಕಡೆ ಲಾರಿ ಕೆಲಸ ಸಿಕ್ಕಿದೆ, ಮುಂದಿನ ವಾರ ಹೋಗುತ್ತೇನೆ ಎಂದ.

ಶನಿವಾರ ತಾಯಿಯ ಫೋನು ಬಂತು. "ಅಕಿ ಠಾಣಿಗೆ ಹೋಗೂದ ಅನ್ನಾಕತ್ತಾಳ್ರಿ. ನಾ ಬ್ಯಾಡಂದೆ. ತಲಿ ಬಾಚಿಕೊಂಡು ಹೊಸ್ತಲದಾಗ ಕುಂತಾಳ."

ಸೋಮವಾರ ಠಾಣೆಗೆ ಹೋದೆವು. ಅಂದೇ ಬೇಸಿಗೆ ಶಾಲೆ ಶುರುವಾಗಬೇಕಿತ್ತು. ರಾಣೆಬೆನ್ನೂರಿನ ಗೇಟಿನಲ್ಲಿ ಸಭಾಪಾಲಕರು ನಿಂತು, ಸುದ್ದಿ ಮುಟ್ಟದೆ ಬಂದ ಮಕ್ಕಳನ್ನು ಒಬ್ಬೊಬ್ಬರಾಗಿ ಹಿಂದೆ ಕಳಿಸುತ್ತಿದ್ದರು. ಠಾಣೆಯಲ್ಲಿ ಸನ್ನೆ ತಿಳಿಯುವವರ ಎದುರಿಗೇ ಹೇಳಿಕೆ ಆಗಬೇಕು, ಅದನ್ನು ವಿಡಿಯೋ ಮಾಡಿಕೊಳ್ಳಬೇಕು ಎಂದು ನಾನು ಮೊದಲೇ ಅರ್ಜಿ ಕೊಟ್ಟಿದ್ದೆ. ಶಿಕ್ಷಕಿ, ಹೊಲಿಗೆಯಾಕೆ ಇಬ್ಬರೂ ಬಂದಿದ್ದರು. ಮೇಜಿನ ಆಚೆ ಕುಳಿತಿದ್ದ ಅಧಿಕಾರಿ ಸೌಮ್ಯ ಮನುಷ್ಯ. ಕಾಗದ ಸರಿಮಾಡಿಕೊಂಡು, ತಾಯಿಯ ಕಡೆ ತಿರುಗಿ ಕೇಳಿದರು:

"ಏನಂತಾಳ್ರಿ ನಿಮ್ಮ ಹುಡುಗಿ?"

ತಾಯಿ ನನ್ನನ್ನು ನೋಡಿದರು. ನಾನು ಶಿಕ್ಷಕಿಯನ್ನು ನೋಡಿದೆ. ಅಷ್ಟರಲ್ಲಿ ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅಧಿಕಾರಿಯ ಮುಂದಿನ ಮೇಜನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಅವರು ತಾಯಿಯನ್ನು ಬಿಟ್ಟು ಅವಳ ಕಡೆ ತಿರುಗಿದರು. ತನ್ನನ್ನೇ ನೋಡುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ಅವಳು ಎರಡೂ ಕೈ ಎತ್ತಿ ಹೇಳಲು ಶುರುಮಾಡಿದಳು.